ಹಿಂದಿನ ಗಾಲಿಗೆ ಎರಡು ಬೆರಳು ಕಡಿಮೆ

ಮೋಟರ್ ಸೈಕಲ್ ಕೊಂಡ ಮನುಷ್ಯ ಮೊದಲ ವಾರ ಅದರ ಮೇಲೆ ಕೂಡುತ್ತಾನೆ, ಎರಡನೆಯ ವಾರ ಅದರ ಬಗ್ಗೆ ಮಾತಾಡುತ್ತಾನೆ, ಮೂರನೆಯ ವಾರದಿಂದ ಅದನ್ನು ತಳ್ಳುತ್ತಾನೆ. ಈ ಕಥೆ ಶುರುವಾಗುವಾಗ ನಾನು ಮೂರನೆಯ ವಾರದಲ್ಲಿದ್ದೆ.

ಅದು ಮೂವತ್ತೇಳನೆಯ ಇಸವಿ. ನನ್ನ ಹೆಸರು ಮಹಾಂತಯ್ಯ; ಹುಬ್ಬಳ್ಳಿಯ ಒಂದು ಹತ್ತಿ ಅಡತಿ ಅಂಗಡಿಯಲ್ಲಿ ಮೂಟೆಗಳ ತೂಕ ಬರೆಯುವುದು ನನ್ನ ಕೆಲಸ. ಇಂಥವನಿಗೆ ಮೋಟರ್ ಸೈಕಲ್ ಯಾಕೆ ಎಂದು ನೀವು ಕೇಳುವುದಾದರೆ, ನೀವು ಹಾಗೆ ಕೇಳುವ ಮೊದಲಿಗರಲ್ಲ. ಸರ್ವೇ ಖಾತೆಯ ದೊರೆಯೊಬ್ಬ ವಿಲಾಯತಿಗೆ ಹೊರಟಿದ್ದ, ಗಾಡಿ ಮಾರುವುದಿತ್ತು, ನಾನು ಅಲ್ಲಿ ನಿಂತಿದ್ದೆ. ಅದು ಬರೀ ಗಾಡಿಯಲ್ಲ, ದೂರ ಪ್ರವಾಸದ ಗಾಡಿ. ಅಗಲವಾದ ಸೀಟು, ಹಿಂದೆ ಇನ್ನೊಬ್ಬರಿಗೆ ಮೆತ್ತನೆಯ ಗಾದಿ, ಎರಡೂ ಮಗ್ಗುಲಿಗೆ ಚರ್ಮದ ಚೀಲ. ದೊರೆ ಇದರ ಮೇಲೆ ಮಹಾಬಳೇಶ್ವರಕ್ಕೆ ಹೋಗಿದ್ದನಂತೆ, ಗೋವಾಕ್ಕೆ ಹೋಗಿದ್ದನಂತೆ. ನಾನು ಉಣಕಲ್ಲ ಕೆರೆಯವರೆಗೆ ಹೋಗಿದ್ದೆ. ಬರುವಾಗ ಜೋಳದ ಕಣಕಿ ಹೇರಿದ ಎತ್ತಿನ ಚಕ್ಕಡಿಯೊಂದು ನನ್ನನ್ನೂ ಗಾಡಿಯನ್ನೂ ಕರೆತಂದಿತ್ತು.

ಹಿಂದಿನ ಟೈರು ಒಡೆದದ್ದು ಸರಿಯಾಗಿ ಎದುರು ಮನೆಯ ನೀಲಕಂಠಪ್ಪನ ಕಟ್ಟೆಯ ಮುಂದೆ. ನೀಲಕಂಠಪ್ಪ ಕಿರಾಣಿ ವ್ಯಾಪಾರಿ. ಅಂಗಡಿಯಲ್ಲಿ ಕೂತದ್ದಕ್ಕಿಂತ ಕಟ್ಟೆಯ ಮೇಲೆ ಕೂತದ್ದೇ ಹೆಚ್ಚು. ಸಪ್ಪಳಕ್ಕೆ ಅವನ ಕೈಯಲ್ಲಿದ್ದ ಚಹಾದ ಬಸಿ ಜಾರಿ ಧೋತರದ ಮೇಲೆ ಬಿತ್ತು.

"ಏನಾತ್ರಿ ಮಹಾಂತಯ್ಯ, ಗೋವಾ ಬಂತೇನ್ರಿ?" ಎಂದ.

ನಗಬಹುದಾಗಿತ್ತು. ಆದರೆ ನನಗೆ ನಗುವ ಹೊತ್ತು ಇರಲಿಲ್ಲ. ನನ್ನ ಹೆಂಡತಿ ಶಿವಬಸವ್ವ ಧಾರವಾಡದಲ್ಲಿ ತವರುಮನೆಯಲ್ಲಿದ್ದಳು. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರಕ್ಕೆ ಹನ್ನೆರಡು ದಿನ ಬಾಕಿ. ಅವತ್ತು ಅವಳ ಅಣ್ಣನ ಹೆಂಡತಿಗೆ ಕುಬಸ, ಅಂದರೆ ಬಸುರಿಗೆ ಹಸಿರು ಬಳೆ ತೊಡಿಸಿ ಉಡಿ ತುಂಬುವ ಕಾರ್ಯ. ಅದು ಮುಗಿದ ಮೇಲೆ ನಾನು ಹೋಗಿ ಅವಳನ್ನು ಕರೆದು ತರಬೇಕು, ಅದೂ ಮೋಟರ್ ಸೈಕಲ್ ಮೇಲೆ. ಈ ಮಾತನ್ನು ಅವಳು ತವರಿನ ಓಣಿಯ ಪ್ರತಿ ಮನೆಗೂ ಹೇಳಿ ಮುಗಿಸಿದ್ದಳು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಅರ್ಧ ತಾಸು ಎಂದೂ ಹೇಳಿದ್ದಳು. ಅಣ್ಣನ ಹೆಂಡತಿ ಮಾತ್ರ ನಕ್ಕು, "ಅರ್ಧ ತಾಸಿನ್ಯಾಗ ನಿಮ್ಮ ಮನಿಯವರು ಬೂಟು ಹಾಕ್ಕೊಳ್ಳೂದ ಆಗಂಗಿಲ್ಲ" ಅಂದಿದ್ದಳಂತೆ. ನನ್ನ ಮಾವ ಚನ್ನಯ್ಯನವರಂತೂ ಆ ದೆವ್ವದ ಗಾಡಿಯ ಮೇಲೆ ಮಗಳನ್ನು ಕಳಿಸುವುದೇ ಇಲ್ಲವೆಂದು, ಅವತ್ತಿಗೆ ಒಂದು ಟಾಂಗಾ ಹೇಳಿಟ್ಟಿದ್ದರು. ಈಗ ನಾನು ರೈಲಿನಿಂದ ಇಳಿದು ಛತ್ರಿ ಹಿಡಿದುಕೊಂಡು ಹೋದರೆ ಶಿವಬಸವ್ವ ಮುಂದಿನ ಹತ್ತು ವರ್ಷ ತವರಿನಲ್ಲಿ ತಲೆ ಎತ್ತುವಂತಿರಲಿಲ್ಲ, ನಾನು ಮನೆಯಲ್ಲಿ.

ಮುಂಬಯಿಯ ಕಂಪನಿಗೆ ಬರೆದೆ. ಅವರು ಒಂದೇ ಸಾಲು ಬರೆದರು: ಅಳತೆ ತಿಳಿಸಿರಿ.

ಅಳತೆಯನ್ನು ಟೈರಿನ ಮಗ್ಗುಲಿಗೆ ಅಚ್ಚು ಹಾಕಿರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆದರೆ ನಮ್ಮ ದೊರೆ ಶಿಸ್ತಿನ ಮನುಷ್ಯ. ಬೂಟಿಗೆ ಪಾಲೀಶು ಹಚ್ಚಿ ಉಳಿದದ್ದನ್ನು ಎಂಟು ವರ್ಷ ಎರಡೂ ಟೈರಿಗೆ ಹಚ್ಚಿದ್ದ. ಅಂಕಿಗಳೆಲ್ಲ ಆ ಪಾಲೀಶಿನ ಕೆಳಗೆ ಸಮಾಧಿಯಾಗಿದ್ದವು. ನಾನು ಚಾಕುವಿನಿಂದ ಕೆರೆದು ನೋಡಿದೆ. ಪಾಲೀಶಿನ ಜೊತೆಗೆ ಅಂಕಿಯೂ ಬಂತು.

ಆಗ ನೆನಪಾದವರು ಬಡೇಸಾಬರು. ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಹಾಕುವುದರಲ್ಲಿ ಹುಬ್ಬಳ್ಳಿ ಸೀಮೆಗೆ ಅವರ ಕೈ ದೊಡ್ಡದು. ನಲವತ್ತು ವರ್ಷದಲ್ಲಿ ಅವರು ಹಾಕಿದ ಹಳಿ ಒಂದೂ ಬಿಚ್ಚಿಲ್ಲ ಎಂದು ಜನ ಹೇಳುತ್ತಿದ್ದರು, ಅವರೂ ಹೇಳುತ್ತಿದ್ದರು. ಗಾಲಿ ಗಾಲಿಯೇ, ಹಳಿ ಹಳಿಯೇ. ಇದು ನನ್ನ ತರ್ಕ. ಅದರಲ್ಲಿ ತಪ್ಪು ಎಲ್ಲಿದೆ ಎಂದು ಇವತ್ತಿಗೂ ಪೂರ್ತಿ ಗೊತ್ತಾಗಿಲ್ಲ.

ಬಡೇಸಾಬರು ಬಂದು ಗಾಡಿಯನ್ನು ಎರಡು ಸುತ್ತು ಹಾಕಿದರು. ಸತ್ತ ಟೈರನ್ನು ಗಾಲಿಯ ಮೇಲೆಯೇ ಇಟ್ಟು, ಗಾಳಿ ಇದ್ದರೆ ಎಷ್ಟು ಉಬ್ಬುತ್ತಿತ್ತು ಎಂದು ಕಣ್ಣಳತೆ ಹಿಡಿದು, ಈ ಅಂಚಿನಿಂದ ಆ ಅಂಚಿಗೆ ಕೋಲು ಹಿಡಿದರು.

"ಇಪ್ಪತ್ತಾರು ಇಂಚು. ಇದ್ರಾಗ ಎರಡು ಬೆರಳು ಕಳೀರಿ. ಇಪ್ಪತ್ನಾಕು ಅಂತ ಬರೀರಿ."

"ಯಾಕ್ರಿ ಕಳಿಯೂದು?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಗಾಲಿ ಎಷ್ಟೈತಿ ಹಳೀನೂ ಅಷ್ಟ ಮಾಡಿದ್ರ ಮೂರ ದಿನಕ್ಕ ಕಳಚಿ ಬೀಳತೈತ್ರಿ. ಎರಡು ಬೆರಳು ಸಣ್ಣ ಮಾಡಬೇಕು. ಬೆಂಕ್ಯಾಗ ಕೆಂಪಗ ಕಾಯಸಬೇಕು. ಕಾದ ಮ್ಯಾಲ ಅದು ಹಿಗ್ಗತೈತಿ, ಗಾಲಿಗೆ ಬಡದು ಕೂಡಸಬೇಕು, ಮ್ಯಾಲ ನೀರ ಸುರೀಬೇಕು. ಹಲ್ಲ ಕಚ್ಚಿದಂಗ ಕಚ್ಚತೈತಿ."

"ಖರೇರಿ. ಆದ್ರ ಇದು ರಬ್ಬರ ಐತಲ್ರೀ."

"ಕಬ್ಬಣಕ್ಕಿರೋ ಬುದ್ಧಿ ರಬ್ಬರಿಗೆ ಇರಂಗಿಲ್ಲೇನ್ರಿ?"

ಇಪ್ಪತ್ತನಾಲ್ಕು ಎಂದು ಬರೆದು ಟಪಾಲಿಗೆ ಹಾಕಿದೆ.

ಮುಂದಿನ ಬುಧವಾರ ರೈಲ್ವೆ ಸ್ಟೇಷನ್ನಿನಿಂದ ಪಾರ್ಸೆಲ್ ಬಂತು. ಹಮಾಲ ಅದನ್ನು ಹೊತ್ತು ತಂದಿರಲಿಲ್ಲ, ಉರುಳಿಸಿಕೊಂಡು ತಂದಿದ್ದ. ಓಣಿಯ ತಿರುವಿನಲ್ಲಿ ಅದು ಅವನ ಕೈ ಬಿಟ್ಟು ತಾನೇ ಮುಂದೆ ಬಂತು. ನೀಲಕಂಠಪ್ಪ ಕಾಲು ಮೇಲೆತ್ತಿ ಕೂತ. ಸುತ್ತಿದ ಗೋಣಿ ಬಿಚ್ಚಿದರೆ ಒಳಗಿದ್ದದ್ದು ಭಾರೀ ಮೋಟರಿನ ಟೈರು. ಸತ್ತ ಟೈರನ್ನು ಕಳಚಿ, ಬರೀ ಗಾಲಿಯನ್ನು ಅದರ ತೂತಿನಲ್ಲಿ ಇಟ್ಟೆವು. ದೊಡ್ಡ ಪರಾತದಲ್ಲಿ ಪುಟ್ಟ ಬಟ್ಟಲು ಇಟ್ಟ ಹಾಗೆ ಕಂಡಿತು.

ನೀಲಕಂಠಪ್ಪ ಹತ್ತಿರ ಬಂದು ಬಗ್ಗಿ ನೋಡಿ ಗಂಭೀರವಾಗಿ ಹೇಳಿದ: "ಟೈರ ಛಲೋ ಐತ್ರಿ. ಇದಕ್ಕ ತಕ್ಕಂಥಾ ಗಾಡಿ ಒಂದು ತರಸ್ರಿ."

ಬಡೇಸಾಬರು ಮಾತ್ರ ವಿಚಲಿತರಾಗಲಿಲ್ಲ. "ಕಂಪನಿಯವರು ಹಿಗ್ಗಿಸಿ ಕಳಿಸ್ಯಾರ" ಎಂದರು. "ಕಾಯಿಸಿ ನೀರ ಹಾಕಿದ್ರ ತನ್ನ ಜಾಗಾಕ್ಕ ಬರತೈತಿ."

ಟೈರಿನ ಸುತ್ತ ಸಗಣಿ ಕುಳ್ಳು ಜೋಡಿಸಿ ಬೆಂಕಿ ಇಟ್ಟರು. ಮುಂದೆ ಆದದ್ದನ್ನು ವಿವರಿಸುವುದು ಕಷ್ಟ, ಏಕೆಂದರೆ ಏನೂ ಕಾಣುತ್ತಿರಲಿಲ್ಲ. ಕಪ್ಪು ಹೊಗೆ ಮೊದಲು ನಮ್ಮನ್ನು ನುಂಗಿತು, ಆಮೇಲೆ ನೀಲಕಂಠಪ್ಪನ ಮನೆಯನ್ನು, ಆಮೇಲೆ ಓಣಿಯನ್ನು. ಬಿಸಿಲಿಗೆ ಹಾಕಿದ್ದ ಹಪ್ಪಳಗಳು ಬಣ್ಣ ಬದಲಿಸಿದವು. ನಾರುವ ನಾತಕ್ಕೆ ಎಮ್ಮೆಗಳು ಹಗ್ಗ ಕಿತ್ತುಕೊಂಡವು. ಆ ಹೊಗೆಯೊಳಗಿಂದ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಕೈಯಲ್ಲಿ ಪುಸ್ತಕ ಹಿಡಿದು ಒಬ್ಬರು ಮೂಡಿಬಂದರು. ಅವರು ಪ್ಲೇಗಿನ ಉಸ್ತುವಾರಿಯ ಹೆಲ್ತ್ ಇನ್‌ಸ್ಪೆಕ್ಟರು.

"ಎಷ್ಟು ಇಲಿ ಬಿದ್ದಾವ?" ಎಂದು ಕೇಳಿದರು.

"ಇಲಿ ಅಲ್ರಿ, ಟೈರು."

"ಮುಚ್ಚಿಡಬ್ಯಾಡ್ರಿ. ಸತ್ತ ಇಲಿ ಸುಡಾಕತ್ತೀರಿ, ನಾತ ಸ್ಟೇಷನ್ ತನಕ ಹೊಡ್ಯಾಕತ್ತೈತಿ. ಎಷ್ಟು?"

"ಒಂದ ಟೈರು ರೀ. ದೊಡ್ಡದಾಗೇತಿ ಅಂತ ಸಣ್ಣ ಮಾಡಾಕತ್ತೇವಿ."

ಅವರು ಬರೆಯುವುದನ್ನು ನಿಲ್ಲಿಸಿದರು. "ಇಪ್ಪತ್ತು ವರ್ಷದ ನೌಕರಿಯೊಳಗ ಬೇಕಾದಷ್ಟು ಸುಳ್ಳು ಕೇಳೇನಿ. ಹಿಂಥಾದ್ದು ಕೇಳಿದ್ದಿಲ್ಲ."

'ಇಲಿ' ಎಂಬ ಶಬ್ದ ಓಣಿಗೆ ಸಾಕಾಗಿತ್ತು. ಪ್ಲೇಗು ಬಂದರೆ ಊರು ಬಿಟ್ಟು ಬಯಲಲ್ಲಿ ಜೋಪಡಿ ಹಾಕುವುದು ಎಲ್ಲರಿಗೂ ರೂಢಿ. ಕಾಲು ತಾಸಿನಲ್ಲಿ ಹಾಸಿಗೆ ಸುತ್ತಿದರು, ಹಿಟ್ಟಿನ ಡಬ್ಬಿ ಹೊರಗೆ ಬಂದವು, ಬೀಸುವ ಕಲ್ಲು ಬಾಗಿಲಿಗೆ ಬಂತು. ನೀಲಕಂಠಪ್ಪ ಬೆಂಗೇರಿಯ ಹೊಲದಲ್ಲಿ ತನಗೆ ಜಾಗ ಹಿಡಿಯಲು ಒಬ್ಬನನ್ನು ಓಡಿಸಿ, ಗಂಟು ಹೊತ್ತುಕೊಂಡು ನನ್ನ ಮುಂದೆ ನಿಂತ. "ಮಹಾಂತಯ್ಯ, ನೀವು ಗೋವಾಕ್ಕ ಹೋಗತೇನಿ ಅಂದ್ರಿ. ನಮ್ಮನ್ನ ಕಳಸತೇನಿ ಅಂದಿದ್ದಿಲ್ಲ."

ಕೊನೆಗೆ ಇನ್‌ಸ್ಪೆಕ್ಟರು ತಾವೇ ಬೂದಿ ಕೆದರಿ ನೋಡಿದರು. ಅಲ್ಲಿ ಇಲಿಯೂ ಇರಲಿಲ್ಲ, ಸರಿಯಾಗಿ ನೋಡಿದರೆ ಟೈರೂ ಇರಲಿಲ್ಲ. ಕರಗಿದ ಬೆಲ್ಲದಂಥ ಒಂದು ಮುದ್ದೆ ಇತ್ತು. ಬಂದದ್ದಕ್ಕೆ ಏನಾದರೂ ಮಾಡಬೇಕಲ್ಲ ಎಂದು ಅವರು ಬೂದಿಗೆ, ಗಾಡಿಗೆ, ನನಗೆ, ಬಡೇಸಾಬರಿಗೆ ಫಿನಾಯಿಲು ಸಿಂಪಡಿಸಿ ಹೋದರು. ಬಡೇಸಾಬರು ಗಡ್ಡ ಒರೆಸಿಕೊಳ್ಳುತ್ತ, "ಸಣ್ಣ ಆತಲ್ರಿ" ಎಂದರು.

ಮರುದಿನ ಗುರುವಾರ. ಸೋಮವಾರಕ್ಕೆ ನಾಲ್ಕೇ ದಿನ. ನಾನು ಕಟ್ಟೆಯ ಮೇಲೆ ಫಿನಾಯಿಲು ನಾರುತ್ತ ಕೂತಿದ್ದಾಗ ಬಳೆಗಾರ್ತಿ ಮೌಲಾಬಿ ಬಂದಳು. ಅರವತ್ತು ದಾಟಿದ ಹೆಂಗಸು. ಹುಬ್ಬಳ್ಳಿ ಧಾರವಾಡ ಎರಡೂ ಊರಿನ ಮನೆಗಳಿಗೆ ಬಳೆಯನ್ನೂ ಸುದ್ದಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ತಂದು ಹಂಚುವವಳು.

"ಧಾರವಾಡದಿಂದ ಬಂದೇನ್ರಿ. ನಿಮ್ಮ ಮನ್ಯಾಗಿನವರು ಒಂದು ಮಾತು ಹೇಳಿ ಕಳಿಸ್ಯಾರ." ಅವಳು ಪೆಟ್ಟಿಗೆ ಇಳಿಸಿ, ಶಿವಬಸವ್ವನ ಧಾಟಿಯಲ್ಲೇ ಹೇಳಿದಳು: "'ಮೋಟರ ಸೈಕಲ್ ಮ್ಯಾಲ ಬಂದ್ರ ಬರತೇನಿ. ಇಲ್ಲಂದ್ರ ದಸರಾಕ್ಕ ಬರತೇನಿ.' ಯಾವ ದಸರಾ ಅಂತ ಹೇಳಿಲ್ರಿ."

ನಾನು ಎಲ್ಲವನ್ನೂ ಹೇಳಿಕೊಂಡೆ. ಇಪ್ಪತ್ತಾರು, ಎರಡು ಬೆರಳು, ಇಪ್ಪತ್ತನಾಲ್ಕು, ಹೊಗೆ. ಅವಳು ಅಡಿಕೆ ಕತ್ತರಿಸುತ್ತ ಕೇಳಿದಳು. ಆಮೇಲೆ ಪೆಟ್ಟಿಗೆಯಿಂದ ಎರಡು ಬಳೆ ತೆಗೆದಳು. ಒಂದು ತೆಳ್ಳಗಿತ್ತು, ಇನ್ನೊಂದು ದಪ್ಪ ಅರಗಿನ ಬಳೆ.

"ಇವೆರಡ್ರಾಗ ಯಾವದು ದೊಡ್ಡದು ಹೇಳ್ರಿ."

"ಅರಗಿಂದು."

"ಎರಡೂ ಒಂದ ಅಳತಿ. ತೂತು ನೋಡ್ರಿ." ಎರಡನ್ನೂ ತನ್ನ ಮೂರು ಬೆರಳಿಗೆ ಹಾಕಿ ತೋರಿಸಿದಳು. "ಬಳಿ ಯಾರರ ಹೊರಗಿಂದ ಅಳಿತಾರೇನ್ರಿ? ಕೈ ಹೋಗೂದು ಒಳಗ. ಹೊರಗಿನ ದಪ್ಪ ಅವರವರ ಹೌಸು, ಖುಷಿ. ನಿಮ್ಮ ಕಂಪನಿಯವರು ಇಪ್ಪತ್ನಾಕು ಇಂಚಿನ ತೂತು ಕೇಳೀರಿ ಅಂತ ತಿಳದು ಕಳಿಸ್ಯಾರ. ಗಂಡಸರು ಅಳತಿ ಮಾಡಿದ್ರ ಹಿಂಗ ನೋಡ್ರಿ."

ಆ ಬಂದ ಟೈರಿನ ಜೊತೆಗಿದ್ದ ಚೀಟಿಯನ್ನು ಓಡಿಹೋಗಿ ತಂದು ನೋಡಿದೆ. ಅಳತೆಯೆಂದರೆ ಒಳಗಿನ ಅಡ್ಡಗಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅಕ್ಷರ ಇಷ್ಟು ಸಣ್ಣದಿರಬಾರದಾಗಿತ್ತು.

ಮೌಲಾಬಿ ಬರೀ ಗಾಲಿಯನ್ನು ತರಿಸಿ, ಟೈರು ಕೂಡುವ ಅಂಚಿಗೆ ಅಡ್ಡ ದಾರ ಹಿಡಿದಳು. ಹತ್ತೊಂಬತ್ತು ಇಂಚು. ದಪ್ಪಕ್ಕೆ ಹಳೆಯ ಟೈರಿನ ಹೊಟ್ಟೆಗೂ ದಾರ ಅಡ್ಡ ಹಿಡಿದು, ಮೂರೂಕಾಲು ಎಂದಳು. "ಇದರಾಗ ಹೌಸು ಮಾಡಬ್ಯಾಡ್ರಿ. ದಪ್ಪ ತರಿಸಿದ್ರ ಆ ಸರಪಳಿಗೆ ತಿಕ್ಕತೈತಿ." ನಾನು ಛಾಪಾ ಹಾಕಿದಂತೆ ಅಷ್ಟನ್ನೂ ಬರೆದುಕೊಂಡು ತಂತಿ ಆಫೀಸಿಗೆ ಓಡಿದೆ.

ಸೋಮವಾರ ಮುಂಜಾನೆಯ ರೈಲಿಗೆ ಟೈರು ಬಂತು. ಪಾರ್ಸೆಲ್ ಆಫೀಸಿನ ಹೊರಗೆ, ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿಕೊಂಡು ನಾನೂ ಬಡೇಸಾಬರೂ ಕಾಯುತ್ತಿದ್ದೆವು. ಮೌಲಾಬಿಯೂ ಅಲ್ಲೇ ಇದ್ದಳು. ನನ್ನ ಮಾವನ ಮನೆಯ ಕುಬಸಕ್ಕೆ ಹಸಿರು ಬಳೆ ತೊಡಿಸುವವಳು ಅವಳೇ. ಒಂಬತ್ತೂವರೆಯ ರೈಲಿಗೆ ಹೋಗುವುದಿತ್ತು. "ನನ್ನ ಅಳತಿ ತಪ್ಪಿದ್ರ ನಾನ ನೋಡಬೇಕು" ಎಂದು ಬಂದು ಕೂತಿದ್ದಳು.

ಅಳತೆ ತಪ್ಪಿರಲಿಲ್ಲ. ಟೈರು ಮುಕ್ಕಾಲು ಭಾಗ ತಾನಾಗಿ ಕೂತಿತು. ಉಳಿದ ಕಾಲು ಭಾಗ ಜಪ್ಪಯ್ಯ ಎನ್ನಲಿಲ್ಲ. ಬಡೇಸಾಬರು ಹಾರೆ ಹಾಕಿ ಮೀಟಿದರು, ನಾನು ಮೇಲೆ ನಿಂತು ಕುಣಿದೆ, ಇಬ್ಬರು ಹಮಾಲರು ಎಳೆದರು. ಬಡೇಸಾಬರು ಬೆವರು ಒರೆಸಿಕೊಂಡು, "ಒಂದೀಟು ಕಾಯಿಸಿದ್ರ..." ಎಂದರು.

"ಬೆಂಕಿ ಸುದ್ದಿ ತಗದ್ರ ನೋಡ ಬಡೇಭಾಯಿ" ಎಂದಳು ಮೌಲಾಬಿ. ಸೆರಗು ಸಿಕ್ಕಿಸಿಕೊಂಡು, ಪೆಟ್ಟಿಗೆಯಿಂದ ಸಾಬೂನಿನ ತುಂಡು ತೆಗೆದು, ನೀರು ಮುಟ್ಟಿಸಿ ನೊರೆ ಮಾಡಿ ಗಾಲಿಯ ಅಂಚಿಗೆಲ್ಲ ಬಳಿದಳು. ಆಮೇಲೆ ಗಾಲಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಎರಡೂ ಹೆಬ್ಬೆರಳಿನಿಂದ ಟೈರನ್ನು ಒತ್ತುತ್ತ ಅದರ ಜೊತೆ ಮಾತಾಡತೊಡಗಿದಳು. "ಬಿಗಿ ಹಿಡಿಬ್ಯಾಡ ನನ್ನವ್ವ. ಸಡ್ಲ ಬಿಡು. ಆ ಕಡೆ ನೋಡು, ನಿಮ್ಮತ್ತಿ ಕರ್ಯಾಕತ್ತಾಳ..." ಗಾಲಿ ಆ ಕಡೆ ನೋಡಿತೋ ಏನೋ, ಟೈರು ಪುಳಕ್ಕನೆ ಒಳಗೆ ಕೂತಿತು. ಹಮಾಲರು ಚಪ್ಪಾಳೆ ತಟ್ಟಿದರು. ಅದೇ ಹೊತ್ತಿಗೆ ಸೀಟಿ ಕೇಳಿಸಿತು. ಒಂಬತ್ತೂವರೆಯ ರೈಲು ಹೊರಟಿತ್ತು.

ಮೌಲಾಬಿ ರೈಲಿನ ಕಡೆ ನೋಡಿದಳು, ಪೆಟ್ಟಿಗೆಯ ಕಡೆ ನೋಡಿದಳು, ನನ್ನ ಗಾಡಿಯ ಹಿಂದಿನ ಗಾದಿಯ ಕಡೆ ನೋಡಿದಳು.

"ಹನ್ನೆರಡರೊಳಗ ಬಳಿ ಏರಬೇಕ್ರಿ. ನಡೀರಿ."

ಗಾಳಿ ಹೊಡೆದು ಗಾಲಿ ಕೂಡಿಸಿದೆವು. ಹೀಗೆ ನನ್ನ ದೂರ ಪ್ರವಾಸ ಶುರುವಾಯಿತು. ಮೌಲಾಬಿ ಒಂದೇ ಮಗ್ಗುಲಾಗಿ ಕೂತು ತೊಡೆಯ ಮೇಲೆ ಬಳೆಯ ಪೆಟ್ಟಿಗೆ ಇಟ್ಟುಕೊಂಡಿದ್ದಳು. ಕುಬಸದ ಹಸಿರು ಬಳೆ ಒಂದು ಒಡೆದರೂ ಅಪಶಕುನ, ಹೊಣೆ ನನ್ನದು ಎಂದು ಸ್ಟೇಷನ್ನಿನಲ್ಲೇ ಸಾಕ್ಷಿ ಸಮೇತ ಹೇಳಿದ್ದಳು. ಗಾಡಿಗೆ ವೇಗ ತೋರಿಸುವ ಮುಳ್ಳು ಇತ್ತು. ಅದು ಕೆಲಸಕ್ಕೆ ಬರಲಿಲ್ಲ. ಹಿಂದಿನಿಂದ ಮೌಲಾಬಿ ಪೆಟ್ಟಿಗೆಗೆ ಕಿವಿ ಕೊಟ್ಟು ಹೇಳುತ್ತಿದ್ದದ್ದೇ ನನ್ನ ವೇಗ. "ಬಳಿ ಮಾತಾಡಾಕತ್ತಾವ. ಸಾವಕಾಶ." ಇನ್ನೂ ಸಾವಕಾಶ ಮಾಡಿದೆ. "ಇನ್ನೂ ಪಿಸುಗುಡ್ತಾವ." ಉಣಕಲ್ಲದ ಹತ್ತಿರ ಟಪಾಲಿನವನ ಸೈಕಲ್ಲು ನಮ್ಮನ್ನು ದಾಟಿತು. ಭೈರಿದೇವರಕೊಪ್ಪದಲ್ಲಿ ಎರಡು ಚಕ್ಕಡಿ ದಾಟಿದವು. ನವಲೂರಿನಲ್ಲಿ ಪೇರಲಹಣ್ಣಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಸ್ವಲ್ಪ ದೂರ ನಮ್ಮ ಜೊತೆಗೆ ನಡೆದು, ಮೌಲಾಬಿಗೆ ಎರಡು ಹಣ್ಣು ಕೊಟ್ಟು, ಬೇಸರವಾಗಿ ಮುಂದೆ ಹೋದಳು.

ಮಾವನ ಓಣಿಗೆ ತಿರುಗುವಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಎರಡೂ ಕಡೆ ಬೀಗರು ಬಿಜ್ಜರು, ಮಾಳಿಗೆಯ ಮೇಲೆ ಹೆಂಗಸರು. ಗುಡುಗಿನಂತೆ ಬರುವ ಗಾಡಿಗಾಗಿ ಕಾದಿದ್ದ ಜನರ ಮುಂದೆ ನಾವು ಮಠದ ಪಾಲಕಿಯಂತೆ ಬಂದೆವು. ಒಬ್ಬ ಮುದುಕ ಗೊತ್ತಿಲ್ಲದೆ ಕೈ ಮುಗಿದ. ಬಾಗಿಲಲ್ಲಿ ಶಿವಬಸವ್ವ ನಿಂತಿದ್ದಳು. ಅವಳು ಮೊದಲು ಹಿಂದಿನ ಗಾದಿಯನ್ನು ನೋಡಿದಳು, ಆಮೇಲೆ ನನ್ನನ್ನು, ಆಮೇಲೆ ನೆಲವನ್ನು. ಪಕ್ಕದಲ್ಲಿ ಅವಳ ಅಣ್ಣನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು; ಆ ಸ್ಥಿತಿಯಲ್ಲಿ ಅಷ್ಟು ನಗುವುದು ಒಳ್ಳೆಯದಲ್ಲ ಎಂದು ಯಾರೋ ಹಿರಿಯರು ಗದರಿದರು.

ಮೌಲಾಬಿ ಪೆಟ್ಟಿಗೆ ತೆರೆದು ಎಲ್ಲರ ಮುಂದೆ ಎಣಿಸಿದಳು. ಒಂದು ಬಳೆಗೂ ಗೀರು ಬಿದ್ದಿರಲಿಲ್ಲ.

ಮಾವ ಚನ್ನಯ್ಯನವರು ಕನ್ನಡಕ ಏರಿಸಿ ಬಳೆಗಳನ್ನು ನೋಡಿದರು, ನನ್ನನ್ನು ನೋಡಿದರು. "ಹದಿಮೂರು ಮೈಲು ಗಾಜಿನ ಬಳಿ ತಂದಾರ, ಒಂದು ಒಡದಿಲ್ಲ. ನಾ ಸುಮ್ಮನ ಗಾಬರಿ ಆಗಿದ್ದೆ ನೋಡ್ರಿ. ಇಷ್ಟು ಸಮಾಧಾನ ಇರೋ ಮನಶ್ಯಾನ ಕೂಡ ಮಗಳನ್ನ ಕಳಸಾಕ ಅಡ್ಡಿ ಏನೈತಿ?" ಎಂದರು. ಟಾಂಗಾದವನಿಗೆ ಆಗಲೇ ಬೇಡವೆಂದು ಹೇಳಿ ಕಳಿಸಿದರು.

ನಾನು ಗೆದ್ದೆ ಅಂದುಕೊಂಡೆ. ಊಟದ ನಂತರ ಶಿವಬಸವ್ವ ಇಳಕಲ್ಲ ಸೀರೆ ಬಿಗಿದುಕೊಂಡು ಬಂದು ಹಿಂದಿನ ಗಾದಿಯ ಮೇಲೆ ಕೂತಳು. ಓಣಿಯೆಲ್ಲ ನೆರೆದಿತ್ತು. ಆಗ ಮಾವ ಕೈ ಎತ್ತಿದರು.

"ಒಂದು ಮಾತು. ಹೆಂಗ ಬಂದೀರಿ ಹಂಗ ಹೋಗಬೇಕು. ಟ್ರಂಕು ನಮ್ಮ ಚಕ್ಕಡ್ಯಾಗ ಬರತೈತಿ. ನಿಮ್ಮ ಗಾಡಿ ಅದನ್ನ ದಾಟಬಾರದು. ಏನೋ ಶರೀಫಾ, ಕೇಳಿದ್ಯೋ ಇಲ್ಲೋ?"

ಶರೀಫಸಾಬ ಮಾವನ ಮನೆಯಲ್ಲಿ ಮೂವತ್ತು ವರ್ಷದಿಂದ ಚಕ್ಕಡಿ ಹೊಡೆಯುವವನು, ಮಾತಿಗೆ ತಪ್ಪುವವನಲ್ಲ. "ದಾಟಾಕ ಬಿಡಂಗಿಲ್ರಿ ಯಜಮಾನ್ರ" ಎಂದು ಹಗ್ಗ ಹಿಡಿದ. ನಾವು ಹೊರಟೆವು. ಮುಂದೆ ಚಕ್ಕಡಿ, ಅದರ ಹಿಂದೆ ದೂರ ಪ್ರವಾಸದ ಮೋಟರ್ ಸೈಕಲ್. ಮಾಳಿಗೆಯ ಮೇಲಿಂದ ಅಣ್ಣನ ಹೆಂಡತಿ ಹಸಿರು ಬಳೆಯ ಕೈ ಬೀಸಿ, "ಅರ್ಧ ತಾಸಿನ್ಯಾಗ ಮುಟ್ಟಿ ಪತ್ರ ಬರೀರಿ ಶಿವಬಸವ್ವ" ಎಂದಳು.

ಊರು ದಾಟಿತು. ಎತ್ತುಗಳ ಬಾಲ ನೋಡುತ್ತ ನಾನು ನಡೆಸಿದೆ. ಎಂಜಿನ್ನು ಕಾದು ಎರಡು ಸಲ ನಿಂತಿತು. ಶರೀಫಸಾಬ ಎರಡು ಸಲವೂ ಚಕ್ಕಡಿ ನಿಲ್ಲಿಸಿ ಕಾದ. ಹಿಂದಿನ ಗಾದಿಯಿಂದ ಒಂದು ಮಾತಿಲ್ಲ. ಮಾತಾಡದ ಶಿವಬಸವ್ವನಿಗಿಂತ ಮಾತಾಡುವ ಬಳೆಗಳು ಎಷ್ಟೋ ವಾಸಿ ಎಂದು ನನಗೆ ಅನಿಸತೊಡಗಿತು.

ಸತ್ತೂರಿನ ಹುಣಸೆಮರ ಬಂದಾಗ ಅವಳು ಬಾಯಿ ಬಿಟ್ಟಳು. ನನಗಲ್ಲ.

"ಶರೀಫ ಕಾಕಾ, ಊಟ ಆತೇನು?"

"ಎಲ್ಲಿದವ್ವಾ. ಎತ್ತು ಕಟ್ಟೂದ್ರಾಗ ಹೊತ್ತು ಹೋತು."

ಅವಳು ಗಾಡಿಯ ಚರ್ಮದ ಚೀಲದಿಂದ ಬುತ್ತಿ ತೆಗೆದಳು. ಶೇಂಗಾ ಹೋಳಿಗೆ, ರೊಟ್ಟಿ, ಬದನೆಕಾಯಿ ಎಣಗಾಯಿ, ಮೇಲೆ ಒಂದು ಗಡಿಗೆ ಮೊಸರು. ಶರೀಫಸಾಬ ಅದನ್ನು ನೋಡಿ, ರಸ್ತೆ ನೋಡಿ, ಕಷ್ಟದಿಂದ ಹೇಳಿದ: "ಯಜಮಾನ್ರಿಗೆ ಮಾತು ಕೊಟ್ಟೇನವ್ವಾ."

"ಉಣಬ್ಯಾಡ ಅಂತ ಮಾತು ತಗೊಂಡಾರೇನು?"

ಅವನು ಯೋಚಿಸಿದ. ಹಾಗೇನೂ ತೆಗೆದುಕೊಂಡಿರಲಿಲ್ಲ. ಎತ್ತು ಬಿಚ್ಚಿ ಮರದ ಬುಡಕ್ಕೆ ಕೂತ. ಅವನು ಮೊದಲ ತುತ್ತು ಬಾಯಿಗೆ ಇಡುವುದನ್ನು ಶಿವಬಸವ್ವ ನೋಡಿದಳು. ನನ್ನ ಹೆಗಲ ಮೇಲೆ ಕೈ ಇಟ್ಟಳು. "ಹೂಂ" ಎಂದಳು.

ಮುಂದಿನ ಮೈಲುಗಳ ಬಗ್ಗೆ ನಾನು ಹೆಚ್ಚಿಗೆ ಹೇಳಲಾರೆ. ಕಣ್ಣಲ್ಲಿ ನೀರಿತ್ತು, ತಲೆಯ ರುಮಾಲು ರಾಯಾಪುರದಲ್ಲಿ ಹಾರಿಹೋಯಿತು. ಹಿಂದಿನ ಟೈರು ನೆಲವನ್ನು ಹಲ್ಲು ಕಚ್ಚಿದಂತೆ ಹಿಡಿದಿತ್ತು. ಹಿಂದಿನಿಂದ "ಇನ್ನಷ್ಟು" ಎಂಬ ಒಂದೇ ಶಬ್ದ ಆಗಾಗ ಬರುತ್ತಿತ್ತು. ನಮ್ಮ ಓಣಿ ಹೊಕ್ಕಾಗ ನೀಲಕಂಠಪ್ಪ ಕಾಲು ಮೇಲೆತ್ತಿಕೊಂಡು ಕೂತವನು, ಎಷ್ಟೋ ಹೊತ್ತು ಕೆಳಗಿಳಿಸಲಿಲ್ಲ.

ಚಕ್ಕಡಿ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಶರೀಫಸಾಬ ಟ್ರಂಕು ಇಳಿಸಿದ. ಇಳಿಸಿ ಅಲ್ಲೇ ನಿಂತ. ಮೂವತ್ತು ವರ್ಷದ ನಂಬಿಗೆಯ ಮನುಷ್ಯ, ಮುಖ ಸಣ್ಣದಾಗಿತ್ತು.

"ಯವ್ವಾ, ಮುಂಜಾನಿ ಯಜಮಾನ್ರು ಕೇಳತಾರ. ದಾಟಿದ್ರೋ ಇಲ್ಲೋ ಅಂತ. ನಾ ಏನ ಹೇಳಲಿ?"

ಶಿವಬಸವ್ವ ದೀಪ ಇಟ್ಟು ಬಂದಳು. "ಚಕ್ಕಡಿ ಅಂದ್ರೇನು ಕಾಕಾ?"

"ಅಂದ್ರ... ಎತ್ತು ಕಟ್ಟಿದ್ದು."

"ನಾವು ಹೋಗುವಾಗ ಎತ್ತು ಕಟ್ಟಿತ್ತೇನು?"

ನಿಧಾನವಾಗಿ ಅವನ ಮುಖ ತನ್ನ ಮೊದಲಿನ ಅಳತೆಗೆ ಬಂತು.

"ಹಂಗಾರ ದಾಟಿಲ್ಲ ಅಂತ ಹೇಳತೇನಿ" ಎಂದ. "ಮತ್ತ, ಹೋಳಿಗಿ ಇನ್ನೂ ಒಂದೆರಡು ಅದಾವೇನವ್ವಾ?"